ಆಚಿ ದಂಡ್ಯಾಗ ಕಂಡದ್ದು

ಜುಲೈ ೬, ರವಿವಾರ. ಮುಂಜಾನೆ

ಮೊಣಕಾಲ ಇವತ್ತೂ ಹಟ ಹಿಡದಾವ. ಎಣ್ಣಿ ತಿಕ್ಕಿ ಬಿಸಲಿಗೆ ಚಾಚಿ ಕುಂತೇನಿ. ಸೊಸಿ ಜಯಮಾಲಾ ರೊಟ್ಟಿ ಬಡದ್ಲು. ರೊಟ್ಟಿ ಅಲ್ಲ, ಫರಸಿಕಲ್ಲು. ಮಜ್ಜಿಗ್ಯಾಗ ನೆನಿ ಹಾಕಿ ತಿಂದೆ. ಏನಂದ್ರೂ ಮಾರಿ ಉಬ್ಬಸ್ತಾಳ, ಅದಕ್ಕ ಇಲ್ಲೇ ಅಂದು ಮುಗಸ್ತೇನಿ.

ಈ ಡೈರಿ ಗೊಬ್ಬರ ಕಂಪನಿಯವರು ಕೊಟ್ಟದ್ದು. ಮಗ ಕಲ್ಮೇಶ ಮುದ್ದೇಬಿಹಾಳದ ತನ್ನ ಅಂಗಡ್ಯಾಗ ಮೂಲ್ಯಾಗ ಒಗದಿದ್ದ. ತವರೂರ ತಾಂಬಾದ ಸಾಲ್ಯಾಗ ನಾಕನೇತ್ತಾ ಮಟ ಕಲ್ತದ್ದು ಜಂಗ ಹಿಡೀಬಾರದಂತ ಬರೀತೇನಿ. ಯಾರೂ ಓದಂಗಿಲ್ಲ. ಓದಿದ್ರ ಓದಿದವರಿಗೇ ನಾಚಿಕಿ.

ಮೊಮ್ಮಗ ಅಮಿತ ಬೋಟ್ ತಂದಾನ. ಗೋವಾದಾಗ ಯಾರೋ ಮಾರಿದ ಹಳೇದು. ಅಂವ, ಅಂವನ ಗೆಳ್ಯಾ ಗುರುನಾಥ, ಇಬ್ರೂ ಕೂಡಿ ತಗೊಂಡಾರ. ನಡೂಕ ಒಂದು ಗೂಟ, ಗೂಟಕ್ಕ ಬಿಳಿ ಅರಿವಿ. ಇಂಜಿನ್ ಇಲ್ಲ. ಗಾಳಿ ತುಂಬಿದ್ರ ತಾನ ಹೋಗ್ತೈತಂತ. ಸೇಲಿಂಗ್ ಅಂತಾರ ಆಯಿ ಅಂದ. "ನಿಮ್ಮ ಮುತ್ಯಾನ ಧೋತರ ಟ್ರಂಕಿನ್ಯಾಗ ಅದಾವ, ಅವನ್ನ ಕಟ್ಟು, ಇನ್ನೂ ಜೋರ ಹೋದೀತು" ಅಂದೆ. ನಕ್ಕ. ನಗೂದು ಥೇಟ್ ಮುತ್ಯಾನಂಗ. ಅದಕ್ಕ ಇಂವಗ ನಾ ಬೈಯಾಕ ಹ್ವಾದ್ರ ಅರ್ಧಕ್ಕ ನಿಲ್ತೈತಿ.

ಜುಲೈ ೧೩, ರವಿವಾರ

ಎಲ್ಲಾರೂ ಹೊಳಿ ದಂಡಿಗೆ ಹೋಗಿದ್ವಿ, ಬೋಟ್ ನೋಡಾಕ. ನೀಲಮ್ಮನ ಗುಡಿಗೆ ಕಾಯಿ ಒಡಿಸಿ ನೀರಿಗೆ ಬಿಟ್ರು. ಬಿಳಿ ಅರಿವಿ ಉಬ್ಬಿತು, ಕೊಕ್ಕರಿ ಎದ್ದಂಗ ಎದ್ದು ಹೋತು. ಸುಳ್ಳ ಯಾಕ ಹೇಳ್ಲಿ, ಚಂದ ಇತ್ತು.

ಸೋಮನಿಂಗ ಬಲಿ ಬಿಡಿಸ್ಕೋತ ಅಲ್ಲೇ ಕುಂತಿದ್ದ. ನಮ್ಮ ಓಣಿ ರುಕ್ಮವ್ವನ ಮಗ. ಮೀನ ಹಿಡ್ಯಾಂವ. ತಂಗಡಗ್ಯಾಗ ಹೊಳಿಗೆ ಮನಶ್ಯಾ ಬಿದ್ರೂ ಅಂವನ ಬಾಗಲಾ ಬಡೀತಾರ, ದನಾ ಬಿದ್ರೂ ಬಡೀತಾರ. ಅಗ್ನಿಶಾಮಕದವರು ಮುದ್ದೇಬಿಹಾಳದಿಂದ ಬರೂದ್ರೊಳಗ ಅಂವ ಮತ್ತ ಅಂವನ ಜೋಡೀದಾರ ಮಂಜೂರ ಕೂಡಿ ನಡೂ ಹೊಳಿಗೆ ಹೋಗಿರ್ತಾರ. ಇಬ್ರದೂ ಒಂದ ದೋಣಿ, ಒಂದ ಬೀಡಿ ಕಟ್ಟು.

"ಅಮಿತಪ್ಪ, ಆಟ ಆಡು, ಬ್ಯಾಡನ್ನಂಗಿಲ್ಲ" ಅಂದ. "ಖರೆ ಹೋಗೂ ಮುಂದ ದಂಡ್ಯಾಗ ಒಬ್ಬರಿಗೆ ಹೇಳಿ ಹೋಗು. ಆಚಿ ದಂಡಿ ಮುಟ್ಟಿದ ಕೂಡ್ಲೆ ಟವೆಲ್ಲ ಬೀಸು."

"ಫೋನ್ ಐತೆಲ್ಲ ಕಾಕಾ."

"ಫೋನ್ ನೀರ ಕುಡದ್ರ ಸಾಯ್ತೈತಿ. ಟವೆಲ್ಲ ತೊಯ್ಸಿಕೊಂಡೂ ಬೀಸಾಕ ಬರ್ತೈತಿ."

ಗುರುನಾಥ ಕಿಸಕ್ ಅಂದ. ಸೋಮನಿಂಗ ಬಲಿ ಮ್ಯಾಲಿಂದ ಕಣ್ಣ ತಗೀಲಿಲ್ಲ. "ನಗ್ರಿ. ನೀವ ಮುಣಗಿದ್ರ ನಾ ಬರಬೇಕು. ನಾ ಬಂದ್ರ ನನ್ನ ಹೇಣ್ತಿ ಇಲ್ಲಿ ಬಂದು ಕುಂದರಬೇಕು. ಆಕಿ ಬೈಗಳಾ ನೀವ ಕೇಳಿಲ್ಲ, ಅದಕ್ಕ ನಗಾಕತ್ತೀರಿ."

ಈ ಟವೆಲ್ಲಿನ ಪದ್ಧತಿ ನಾ ಮದವಿ ಆಗಿ ಬಂದಾಗಿಂದ ನೋಡೇನಿ. ತಾಂಬಾದಾಗ ಬಾವಿ ನೀರ ಬಿಟ್ಟು ನಾ ಏನೂ ಕಂಡಾಕಿ ಅಲ್ಲ. ಆಗ ಹೊಳಿ ದಾಟಾಕ ಪೂಲ್ ಇರ್ಲಿಲ್ಲ. ರುಕ್ಮವ್ವನ ಮಾಂವ ಹರಗೋಲ ನಡಸ್ತಿದ್ದ. ಹರಗೋಲ ಆಚಿ ದಂಡಿಗೆ ಹತ್ತೂತನಕ ಈಚಿ ದಂಡ್ಯಾಗಿನ ಒಬ್ಬರೂ ಮನಿಗೆ ಹೋಗ್ತಿರ್ಲಿಲ್ಲ. ಅಲ್ಲಿ ಟವೆಲ್ಲ ಆಡಿತು ಅಂದ್ರ ಇಲ್ಲಿ ಹೆಂಗಸರು ಸೆರಗ ಝಾಡಿಸಿ ಏಳ್ತಿದ್ರು. ಮುಟ್ಟೀವಿ, ನೀವ ಹೋಗ್ರಿ ಅನ್ನೂ ಮಾತು ಅದು.

ಜುಲೈ ೨೩, ಬುಧವಾರ

ಮ್ಯಾಲ ಮಳಿ. ಡ್ಯಾಮಿನಿಂದ ನೀರ ಬಿಟ್ಟಾರ. ಹೊಳಿ ಕೆಂಪಾಗಿ ಎಲಿ ಅಡಿಕಿ ಉಗಳಿದಂಗ ಕಾಣ್ತೈತಿ. ಆಟೋದಾಗ ಮೈಕ್ ಕಟ್ಟಿ ಹೊಳಿಗೆ ಇಳೀಬ್ಯಾಡ್ರಿ ಅಂತ ಒದರ್ಕೋತ ಹ್ವಾದ್ರು. ಮೀನಗಾರರು ದೋಣಿ ಎಲ್ಲಾ ಮ್ಯಾಲ ಎಳದು ಬೋರಲ ಹಾಕ್ಯಾರ.

ಊಟದಾಗ ಕಲ್ಮೇಶ ಅಮಿತಗ ಅಂದ, "ಆ ಬೋಟಿಗೆ ಕೈ ಹಚ್ಚಿದ್ರ ಅಂಗಡ್ಯಾಗ ಕಾಲ ಇಡಬ್ಯಾಡ."

"ಗಾಳಿ ಇದ್ದಾಗನ ಮಜಾ ಅಪ್ಪಾ. ಗಾಳಿ ಇಲ್ದ ಏನ್ ಮಾಡೂದು ಅದನ್ನ?"

"ಮಜಾ ಮಾಡಾಕ ನಿನಗ ಹೊಳೀನ ಬೇಕೇನು?"

ಜಯಮಾಲಾ ತಾಟಿಗೆ ಅನ್ನ ಹಾಕಿದ್ಲು, ಮಾತ ಮುಗೀಲಿ ಅಂತ. ಅಮಿತ ತಲಿ ಬಗ್ಗಿಸಿ ಉಂಡ. ತಲಿ ಬಗ್ಗಿಸಿ ಉಂಡಾಗ ಅಂವ ಒಪ್ಪಿರಂಗಿಲ್ಲ. ನನಗ ಗೊತ್ತು.

ಜುಲೈ ೨೭, ರವಿವಾರ. ಮಧ್ಯಾಹ್ನ

ಗಾಳಿ ಮಾಳಗಿ ಮ್ಯಾಲಿನ ತಗಡಾ ಬಡ್ಯಾಕತ್ತೈತಿ. ಪಂಚಮಿ ಬಂತು. ಎಳ್ಳ ಹುರದೆ, ಶೇಂಗಾ ಹುರದೆ. ಬೆಲ್ಲ ಗಟ್ಟಿ ಆಗೇತಿ, ಒಡ್ಯಾಕ ಬರವಲ್ದು. ಅಮಿತ ಒಡದು ಕೊಡ್ತಾನಂತ ಕರದ್ರ ಇಲ್ಲ. ಬಾಗೇವಾಡಿಗೆ ಹೋಗಿ ಬರ್ತೇನಿ ಅಂತ ಅವ್ವಗ ಹೇಳಿ ಹೋದನಂತ.

ಬೈಕ್ ಹಿತ್ತಲದಾಗ ಐತಿ. ಚಾವಿ ಮೊಳಿಗೆ ಐತಿ. ಬೈಕ್ ಬಿಟ್ಟು ಬಾಗೇವಾಡಿಗೆ ಹ್ಯಾಂಗ...

ಜುಲೈ ೨೮, ಸೋಮವಾರ. ಮುಂಜಾನೆ

ಬರದ ಇಡಬೇಕು, ಇಲ್ಲಂದ್ರ ತಲಿ ಒಡೀತೈತಿ.

ನಿನ್ನಿ ಬರಿಯೂದು ಬಿಟ್ಟು ಎದ್ದೆ. ದಾರ್ಯಾಗ ದನಾ ಕಾಯೂ ಹೆಣಮಗಳು ಎದುರ ಬಂದ್ಲು. "ಆಯಿ, ನಿಮ್ಮ ಹುಡುಗುರು ಹೊಳಿಗೆ ಹೋದ್ರು. ಈಗ ನೋಡಿದ್ರ ಬಿಳಿ ಅರಿವಿ ನೀರ ಮ್ಯಾಲ ಮಲಗೇತಿ" ಅಂದ್ಲು.

ಮೊಣಕಾಲ ನೋವು ಎಲ್ಲಿ ಹೋತೋ. ಮನಿಗೆ ಹೋಗ್ಲಿಲ್ಲ, ಮಗಗ ಹೇಳ್ಲಿಲ್ಲ. ನೆಟ್ಟಗ ಸೋಮನಿಂಗನ ಮನಿಗೆ ಹೋದೆ. ಊಟಕ್ಕ ಕುಂತಿದ್ದ. ಅಂವನ ಹೇಣ್ತಿ ಚಂದವ್ವ ರೊಟ್ಟಿ ಬಡ್ಯಾಕತ್ತಿದ್ಲು. ಅಗ್ನಿಶಾಮಕಕ್ಕ ಯಾರೋ ಫೋನ್ ಮಾಡ್ಯಾರಂತ ಆಗಲೇ ಸುದ್ದಿ ಬಂದಿತ್ತು.

ಚಂದವ್ವ ಅಂದ್ಲು, "ಅವರ ಬೋಟ್ ದೊಡ್ಡದು. ಅವರು ಬರ್ಲಿ. ಈ ಗಾಳ್ಯಾಗ ನಮ್ಮ ದೋಣಿ ತಾಳಂಗಿಲ್ಲ."

ನಾ ಅಂವನ ರಟ್ಟಿ ಹಿಡದೆ. "ಅಷ್ಟೊತ್ತಿಗೆ ನನ್ನ ಕೂಸು ಉಳಿತೈತೇನೋ, ಸೋಮನಿಂಗ?"

ಹೇಣ್ತಿ ಮಾರಿ ನೋಡಿದ. ನನ್ನ ಮಾರಿ ನೋಡಿದ. ಅರ್ಧಾ ರೊಟ್ಟಿ ಇನ್ನೂ ತಾಟಿನ್ಯಾಗ ಇತ್ತು. ಅದರಾಗ ಕೈ ತೊಳದ. "ಯವ್ವ, ಬಿಡು ಕೈ. ಹೋಗಿ ಬರ್ತೇನಿ" ಅಂದ. ಚಂದವ್ವ ಒಲಿ ಮುಂದಿಂದ ಏಳ್ಲಿಲ್ಲ.

ಮಂಜೂರ ಮತ್ತ ಅಂವ ದೋಣಿ ತಿರುವಿ ನೀರಿಗೆ ಎಳದ್ರು. ತೇಲೂ ಜಾಕೆಟ್ ಹಾಕ್ಕೊಂಡಿದ್ರು. ನಡೂ ಹೊಳಿ ಮಟ ಕಂಡ್ರು. ಆಮ್ಯಾಲ ಮಳಿ ಬಂತು, ಪರದೆ ಬಿಟ್ಟಂಗ. ಏನೂ ಕಾಣ್ಲಿಲ್ಲ. ರುಕ್ಮವ್ವ ಬಂದು ನನ್ನ ಮಗ್ಗಲಕ ಕುಂತ್ಲು. ನನ್ನ ಬೆನ್ನ ಸವರಿದ್ಲು. "ಅಳಬ್ಯಾಡ ಅಕ್ಕಾ, ನನ್ನ ಮಗ ತರ್ತಾನ" ಅಂದ್ಲು.

ಸಂಜಿಗೆ ಮಂಜೂರ ಸಿಕ್ಕ. ನೀರ ಹರಿಯೂ ಕಡೆ ಬಹಳ ತೆಳಗ, ಹೊಲದ ಬದುವಿಗೆ ಬಂದು ಬಿದ್ದಿದ್ದ. ಕಾಲ ಮುರದೈತಿ. ತೆರಿ ಬಡದು ದೋಣಿ ಮಗಚಿತಂತ. ಸೋಮನಿಂಗ ಮಗಚಿದ ದೋಣಿ ಹಿಡಕೊಂಡದ್ದನ್ನ ಅಂವ ನೋಡ್ಯಾನಂತ. ಅಷ್ಟ. ಮುಂದ ತನಗ ಎಚ್ಚರ ಇರ್ಲಿಲ್ಲ ಅಂದ. ದೋಣಿ ಇನ್ನೂ ತೆಳಗ ಸಿಕ್ಕಿತು. ಬರೇ ದೋಣಿ.

ದೀಪಾ ಹಚ್ಚೂ ಹೊತ್ತಿಗೆ ಅಮಿತ ಅಂಗಳದಾಗ ಬಂದು ನಿಂತ. ಮೈಯೆಲ್ಲಾ ಕೆಸರ. ಬೋಟ್ ಮಗಚಿತು, ಈಸಿ ಆಚಿ ದಂಡಿಗೆ ಹೋದ್ವಿ, ಕಬ್ಬಿನಾಗ ಎಚ್ಚರ ತಪ್ಪಿ ಬಿದ್ದಿದ್ವಿ, ಎಚ್ಚರಾದ ಮ್ಯಾಲ ಪೂಲ್ ದಾಟಿ ಬಸ್ಸಿಗೆ ಬಂದ್ವಿ ಅಂದ. ಗುರುನಾಥ ಅದ ಬಸ್ಸಿನ್ಯಾಗ ಕುಂತು ಮುಂದ ಹ್ವಾದನಂತ. ಜಯಮಾಲಾ ಅಂವನ್ನ ತಬ್ಬಿ ಒದರಿದ್ಲು. ನಾ ಉಪ್ಪು ಮೆಣಸಿನಕಾಯಿ ತಂದು ದೃಷ್ಟಿ ತಗದೆ. ನಕ್ಕೆನೋ ಅತ್ತೆನೋ ಗೊತ್ತಿಲ್ಲ. ಮೆಣಸಿನಕಾಯಿ ಒಲ್ಯಾಗ ಚಟಚಟ ಸುಡಾಕತ್ತಿದ್ವು, ಆಗ ಕಲ್ಮೇಶ ದಂಡಿಯಿಂದ ಬಂದ. ಮಗನ್ನ ನೋಡಿ ಗ್ವಾಡಿ ಹಿಡದ ನಿಂತ.

"ಸೋಮನಿಂಗ ಇನ್ನೂ ಸಿಕ್ಕಿಲ್ಲ" ಅಂದ.

ಜುಲೈ ೩೦, ಬುಧವಾರ

ಪಂಚಮಿ ಹೋತು. ಯಾವ ಗಿಡಕ್ಕೂ ಜೋಕಾಲಿ ಬೀಳ್ಲಿಲ್ಲ. ಹುರದ ಎಳ್ಳು ಡಬ್ಬ್ಯಾಗ ಹಂಗ ಅದಾವ.

ಬುತ್ತಿ ಕಟಗೊಂಡು ರುಕ್ಮವ್ವನ ಮನಿಗೆ ಹೋಗಿದ್ದೆ. ನಮ್ಮ ಕಡೆ ಸತ್ತ ಮನ್ಯಾಗ ಒಲಿ ಹೊತ್ತಿಸಂಗಿಲ್ಲ. ಓಣ್ಯಾಗಿನವರ ರೊಟ್ಟಿ ಪಲ್ಲೆ ಒಯ್ದು ಕೊಡಬೇಕು, ಕುಂತು ಮಾತಾಡ್ಸಿ ಬರಬೇಕು. ಬಾಗಲದಾಗ ನಿಂತ ಕೂಡ್ಲೆ ಹೊಗಿ ಬಡೀತು. ಚಂದವ್ವ ಒಲಿ ಹೊತ್ತಿಸ್ಯಾಳ. ರೊಟ್ಟಿ ಬಡ್ಯಾಕತ್ತಾಳ.

ನನ್ನ ಬುತ್ತಿ ನೋಡಿದ್ಲು. "ಅದನ್ನ ಯಾಕ ತಂದೀರಿ? ನಮ್ಮನ್ಯಾಗ ಯಾರ ಸತ್ತಾರ?"

ನಾ ಬುತ್ತಿ ಸೆರಗಿನ ಮರಿಗೆ ಸರಸಿದೆ.

"ನಿಮ್ಮ ಅಮಿತ ಹೊಳ್ಳಿ ಬಂದಿಲ್ಲೇನು? ಎಲ್ಲಾರೂ ಹೋದ ಅಂದಿದ್ರು. ದೀಪಾ ಹಚ್ಚೂದ್ರಾಗ ಬಂದ. ಇವರಿಗೂ ಎಲ್ಲೋ ಎಚ್ಚರ ತಪ್ಪೇತಿ. ಯಾವುದೋ ಊರ ದಂಡ್ಯಾಗ ಅದಾರ. ಬರ್ತಾರ." ಕೈ ಬಡ್ಯೂದು ನಿಲ್ಲಸ್ಲಿಲ್ಲ. ಮಗ್ಗಲಕ ಬುಟ್ಟ್ಯಾಗ ಅಂವನ ಪಾಲಿನ ರೊಟ್ಟಿ ಬ್ಯಾರೆ ಒಟ್ಯಾಳ. ನಿನ್ನಿವೂ ಅದಾವ, ಮೊನ್ನಿವೂ ಅದಾವ. ಬಳಿ ಮುಟ್ಟಾಕ ಯಾರನ್ನೂ ಬಿಟ್ಟಿಲ್ಲ.

ರುಕ್ಮವ್ವ ಹೊರಸಿನ ಮ್ಯಾಲ ಮಾರಿ ಗ್ವಾಡೀ ಕಡೆ ಮಾಡಿ ಮಲಗಿದ್ಲು. "ಅಕ್ಕಾ, ಬುತ್ತಿ ವಾಪಸ್ ಒಯ್ಯಿ" ಅಂದ್ಲು. "ಆಕಿಗೆ ನಾ ಏನಂತ ಹೇಳ್ಲಿ. ನನಗೂ ಏನ್ ಗೊತ್ತೈತಿ."

ಬುತ್ತಿ ತಿರುಗಿ ತಂದೆ. ದಾರಿ ಮ್ಯಾಲ ನಾಯಿಗೆ ಹಾಕಾಕ ಮನಸಾಗ್ಲಿಲ್ಲ. ಮನಿಗೆ ತಂದು ನಾನ ತಿಂದೆ.

ಆಗಸ್ಟ್ ೧, ಶುಕ್ರವಾರ. ಸಂಜಿಮುಂದ

ಇವತ್ತ ನಡದದ್ದು ಸಾವಕಾಶ ಬರೀಬೇಕು.

ಅಮಿತ ಅವತ್ತಿಂದ ಮಾಳಗಿ ಬಿಟ್ಟು ತೆಳಗ ಇಳದಿಲ್ಲ. ಜ್ವರ ಅಂದ್ರು. ಹಣಿ ಮುಟ್ಟಿದೆ, ತಣ್ಣಗ ಇತ್ತು. ದಂಡಿಗೆ ಹೋಗು, ಹುಡುಕವರ ಕೂಡ ಒಂದೀಟ ನಿಂದ್ರು ಅಂದ್ರ ಮಗ್ಗಲಾ ಹೊಳ್ಳಿಸ್ತಾನ. ಇವತ್ತ ಗಂಜಿ ಒಯ್ದು ಕೊಟ್ಟೆ.

ಅಂವ ತಾನಾಗೇ ಕೇಳಿದ, "ಆಯಿ, ಸಿಕ್ಕನೇನು?"

"ಇಲ್ಲ. ತೆಳಗ ಎರಡ ಊರ ದಾಟಿ ಹುಡುಕಾಕತ್ತಾರಂತ. ದೋಣಿ ಸಿಕ್ಕಲ್ಲಿಂದ ಮುಂದ."

"ಅಲ್ಲಿ ಯಾಕ ಹುಡುಕ್ತಾರ?" ಅಂದ.

ಗಂಜಿ ತಾಟ ಕೆಳಗಿಟ್ಟ.

ನಾ ಕಾದು ಕುಂತೆ. ದನಾ ಈಯೂ ಮುಂದ ಕುಂದ್ರತೀವಲ್ಲ, ಹಂಗ. ಆಮ್ಯಾಲ ಕೇಳಿದೆ, "ಎಲ್ಲಿ ಹುಡುಕಬೇಕಪ್ಪಾ ಮತ್ತ?"

"ನನಗೇನ ಗೊತ್ತು."

"ಎಚ್ಚರ ತಪ್ಪಿದಾಂವಗ ಅಲ್ಲಿ ಅಲ್ಲ ಅನ್ನೂದು ಹ್ಯಾಂಗ ಗೊತ್ತಾತು? ನಾ ನಾಕನೇತ್ತಾ ಕಲ್ತಾಕಿ. ನನಗ ತಿಳಿಯೂ ಹಂಗ ಹೇಳು."

ಮಾರಿ ಮುಚಗೊಂಡ. ಅಳಾಕ ಹತ್ತಿದ. ನಾ ಸಮಾಧಾನ ಮಾಡ್ಲಿಲ್ಲ. ಇಷ್ಟ ವರ್ಷದಾಗ ಅಂವ ಅತ್ತಾಗ ಕೈ ಚಾಚದ ಕುಂತದ್ದು ಇದ ಮೊದಲು.

ಆಮ್ಯಾಲ ತಾನ ಎಲ್ಲಾ ಹೇಳಿದ. ಎಚ್ಚರ ತಪ್ಪಿರ್ಲಿಲ್ಲ. ಇಬ್ರೂ ಕಬ್ಬಿನ ದಂಡಿಗೆ ಕುಂತಿದ್ರು. ಸೋಮನಿಂಗನ ದೋಣಿ ಬರೂದನ್ನ ನೋಡ್ಯಾರ. ಗುರುನಾಥ ಅಂಗಿ ಬಿಚ್ಚಿ ಬೀಸಾಕ ಎದ್ದನಂತ. ಇಂವ ಅಂವನ ಕೈ ಹಿಡದು ಕುಂದರಿಸ್ಯಾನ. ಯಾಕ? ಈಚಿ ದಂಡ್ಯಾಗ ಪೊಲೀಸ್ ಜೀಪ್ ಬಂದದ್ದು ಕಂಡಿತ್ತಂತ. ಮಂದಿ ಕೂಡಿತ್ತಂತ. ಮೊಬೈಲ್ ಹಿಡದ ನಿಂತಿದ್ರಂತ. ಈಗ ಕಂಡ್ರ ಅಪ್ಪ ಅಂಗಡ್ಯಾಗ ಕಾಲ ಇಡಾಕ ಬಿಡಂಗಿಲ್ಲ. ಅವರ ಹುಡುಕಿ ಹುಡುಕಿ ವಾಪಸ್ ಹೋಗ್ತಾರ, ನಾವ ಬಸ್ಸಿಗೆ ಮನಿಗೆ ಹೋಗೂನು, ಬೋಟ್ ತಾನ ಹರಕೊಂಡು ಹೋಗಿತ್ತು ಅನ್ನೂನು. ಹಂಗ ಲೆಕ್ಕ ಹಾಕ್ಯಾನ.

ಅಷ್ಟರಾಗ ದೋಣಿ ಮಗಚೇತಿ. ಮಂಜೂರ ಸೆಳವಿಗೆ ಹೋಗ್ಯಾನ. ಸೋಮನಿಂಗ ದೋಣಿ ಹಿಡಕೊಂಡಾನ. ಹಿಡಕೊಂಡ ಇದ್ದಿದ್ರ ಅಂವನೂ ತೆಳಗ ಹೋಗಿ ಎಲ್ಲರ ಹತ್ತತಿದ್ದ. ಆಚಿ ದಂಡಿಗೆ ಹತ್ತರ, ಹಿನ್ನೀರ ಬಂದಾಗ ಮುಣಗಿದ ಜಾಲಿ ಗಿಡ ಅದಾವಲ್ಲ, ಅವುದರ ತುದ್ಯಾಗ ಇವರ ಬೋಟಿನ ಬಿಳಿ ಅರಿವಿ ಸಿಕ್ಕಿತ್ತಂತ. ಅದನ್ನ ನೋಡ್ಯಾನ. ಅರಿವ್ಯಾಗ ಹುಡುಗುರು ಸಿಕ್ಕೊಂಡಾರಂತ ತಿಳದು ದೋಣಿ ಬಿಟ್ಟು ಅಲ್ಲಿಗೆ ಈಸ್ಯಾನ. ಜಾಲಿ ಮುಳ್ಳಿನಾಗ ಕೈ ಹಾಕಿ ಅರಿವಿ ಜಗ್ಗ್ಯಾನ. ತೆರಿ ಬಂತು. ಜಾಕೆಟ್ ಮುಳ್ಳಿಗೆ ಸಿಕ್ಕು ಒಳಗ ಹೋದ. ಮತ್ತ ಏಳ್ಲಿಲ್ಲ.

ಅವತ್ತ ರಾತ್ರಿ ನೀರ ಏರಿ ಗಿಡಾ ಅರಿವಿ ಎಲ್ಲಾ ಮುಚ್ಚಿ ಹೋದ್ವು. ಅದಕ್ಕ ಯಾರಿಗೂ ಕಂಡಿಲ್ಲ.

"ಎಷ್ಟ ದೂರ ಇದ್ದ?" ಕೇಳಿದೆ.

"ನಮ್ಮ ಹಿತ್ತಲದಿಂದ ಬಾವಿ ಇದ್ದಷ್ಟು."

ಇಷ್ಟ ದಿನ ಆ ತಾಯಿ ಗ್ವಾಡಿ ನೋಡ್ಕೋತ ಮಲಗ್ಯಾಳ. ಇಷ್ಟ ದಿನ ಆ ಹೆಣಮಗಳು ರೊಟ್ಟಿ ಬಡದು ಒಟ್ಟಾಕತ್ತಾಳ. ಇಂವ ಇಲ್ಲಿ ಜ್ವರ ಅಂತ ಹೊತಗೊಂಡು ಮಲಗ್ಯಾನ.

ಕಲ್ಮೇಶ ಅಂಗಡಿಯಿಂದ ಬಂದ. ಹೇಳಿದೆ. ಮಗನ್ನ ಹೊಡೀತಾನೇನೋ ಅಂದಿದ್ದೆ. ಹೊಡೀಲಿಲ್ಲ. ಬಾಗಲಾ ಹಾಕಿದ.

"ಯವ್ವ, ಈ ಮಾತು ಈ ಖೋಲಿ ದಾಟಬಾರದು. ಕೇಸ್ ಆಗ್ತೈತಿ. ಹುಡುಗನ ಬಾಳೇವು ಹಾಳಾಗ್ತೈತಿ. ಸತ್ತಾಂವ ಸತ್ತ."

"ಸತ್ತ ಅಂತ ನಿನಗ ಗೊತ್ತು, ನನಗ ಗೊತ್ತು. ಚಂದವ್ವಗ ಗೊತ್ತಿಲ್ಲ."

"ನೀರ ಇಳದ ಮ್ಯಾಲ ತಾನ ಸಿಗ್ತಾನ."

"ಏನ್ ಸಿಗ್ತೈತೋ? ನಿನ್ನ ಮಗ ನಿನಗ ಕೈ ಕಾಲ ಸುದ್ದ ಸಿಕ್ಕ. ರುಕ್ಮವ್ವಗ ಮಾರಿ ಗುರ್ತ ಹತ್ತೂವಷ್ಟರ ಸಿಗಬ್ಯಾಡೇನು?"

"ಹೋಗು ಅಂದಾಕಿ ನೀನ ಅಲ್ಲೇನು? ಊಟದ ಮ್ಯಾಲಿಂದ ಎಬ್ಬಿಸಿ ಕಳಿಸ್ದಾಕಿ ನೀನು."

ಹೌದು. ನಾನ. ಅದನ್ನ ಅಂವ ಹೇಳಬೇಕಾಗಿರ್ಲಿಲ್ಲ, ಒಲಿ ಮುಂದ ಕುಂತಾಗೆಲ್ಲಾ ಅದ ಕಾಣ್ತೈತಿ. "ಅದಕ್ಕ ನಾಳಿ ನಾನ ಹೋಗ್ತೇನಿ" ಅಂದೆ. "ಅಮಿತ ಬಂದ್ರ ಕೂಡ ಬರ್ತಾನ. ಬರದಿದ್ರ ನಾ ಒಬ್ಬಾಕೀನ ಹೇಳ್ತೇನಿ. ಬಾಗಲಾ ಹಾಕಿ ಮುದುಕಿನ್ನ ಕೂಡಿ ಹಾಕೂದಿದ್ರ ಹಾಕು, ಕಿಟಕ್ಯಾಗ ನಿಂತು ಒದರ್ತೇನಿ. ನನ್ನ ದನಿ ನಿನಗ ಗೊತ್ತೈತಿ."

ಜಯಮಾಲಾ ಮೂಲ್ಯಾಗ ನಿಂತಿದ್ಲು. ಸೆರಗ ಬಾಯಾಗ ಇಟ್ಕೊಂಡು. "ಹೋಗ್ಲಿ ಬಿಡ್ರಿ" ಅಂದ್ಲು ಗಂಡಗ. ಇಪ್ಪತ್ತೈದು ವರ್ಷದಾಗ ಆಕಿ ನನ್ನ ಪರವಾಗಿ ಮಾತಾಡಿದ್ದು ಇದೊಂದ ಮಾತು.

ಆಗಸ್ಟ್ ೨, ಶನಿವಾರ

ಹೋಗಿ ಬಂದ್ವಿ.

ಅಮಿತ ಬಂದ. ಓಣಿ ಪೂರಾ ನನ್ನ ಹಿಂದ ಹಿಂದ, ಸಣ್ಣಾಂವ ಇದ್ದಾಗ ಸಾಲಿಗೆ ಹೋಗಲಾರದ ಬರ್ತಿದ್ದನಲ್ಲ, ಹಂಗ. ರುಕ್ಮವ್ವ ಹೊರಸಿನ ಮ್ಯಾಲ ಇದ್ಲು. ಮಂಜೂರ ಕಾಲಿಗೆ ಪ್ಲಾಸ್ಟರ್ ಹಾಕ್ಕೊಂಡು ಕಟ್ಟಿ ಮ್ಯಾಲ ಕುಂತಿದ್ದ. ಚಂದವ್ವ ಒಲಿ ಮುಂದ.

ಅಮಿತ ನೆಲಕ್ಕ ಕುಂತ. "ಆಯಿ, ನಾ ಸುಳ್ಳ ಹೇಳೇನಿ" ಅಂತ ರುಕ್ಮವ್ವಗ ಅಂದ. ಎಲ್ಲಾ ಹೇಳಿದ. ಕಬ್ಬು, ಜೀಪು, ಗುರುನಾಥನ ಕೈ ಹಿಡದದ್ದು. ನಡೂವ ನಾ ಬಾಯಿ ಹಾಕ್ಲಿಲ್ಲ.

ಜಾಲಿ ಗಿಡದ ಮಾತ ಬಂತು. ಚಂದವ್ವ ಎದ್ದು ಬಂದ್ಲು, ಕೈತುಂಬ ಹಿಟ್ಟು. ಅಂವನ ಬಾಯಿ ಮ್ಯಾಲ ಕೈ ಇಟ್ಲು.

"ಬ್ಯಾಡ" ಅಂದ್ಲು. "ನೀ ಏನೂ ನೋಡಿಲ್ಲ. ಎಚ್ಚರ ತಪ್ಪಿತ್ತು ಅಂದಿದ್ದಿ ಅಲ್ಲೇನು? ಅದ ಖರೆ. ಅದನ್ನ ಹೇಳು."

"ಕಾಕು..."

"ನಾ ನಿನಗ ಏನೂ ಅನ್ನಂಗಿಲ್ಲ. ಯಾರಿಗೂ ಹೇಳಂಗಿಲ್ಲ. ನೋಡಿಲ್ಲ ಅನ್ನು. ಇಷ್ಟ ಅನ್ನು, ನಿನ್ನ ಕಾಲ ಬೀಳ್ತೇನಿ."

ಅಂವನ ಗಲ್ಲ ಗದ್ದ ಎಲ್ಲಾ ಹಿಟ್ಟು. ಅಳಾಕತ್ತಿದ್ದ. ನೋಡೇನಿ ಅಂತ ಮತ್ತೊಮ್ಮೆ ಅನ್ನಾಕ ಬಾಯಿ ಬರ್ಲಿಲ್ಲ. ನೋಡಿಲ್ಲ ಅನ್ನಾಕೂ ಬರ್ಲಿಲ್ಲ. ಆಗಂಗಿಲ್ಲ ಅನ್ನೂ ಹಂಗ ತಲಿ ಆಡಿಸಿದ, ಅಷ್ಟ. ಚಂದವ್ವ ಅಲ್ಲೇ ಕುಸದ್ಲು.

ರುಕ್ಮವ್ವ ಹೊರಸಿನಿಂದ ಇಳದ್ಲು. ಒಳಗ ಹೋದ್ಲು. ಚಂಬಿನಾಗ ನೀರ ತಗೊಂಡು ಒಲಿಗೆ ಸುರದ್ಲು. ಬೂದಿ ಎದ್ದು ಮನಿ ತುಂಬಾ ಹರಡಿತು. ಒಬ್ಬರೂ ಕೆಮ್ಮಲಿಲ್ಲ.

ಹೊಡೀಬೇಕಾದಾಂವ ಮಂಜೂರ, ಹೊಡೀಲಿಲ್ಲ. ಮನಶ್ಯಾ ಅಂದ್ರ ಅಂವ. ಮುರದ ಕಾಲ ಎಳಕೊಂಡು ಎದ್ದ. "ಆ ಜಾಲಿ ಗಿಡ ನನಗ ಗೊತ್ತದಾವ" ಅಂದ. "ಖರೆ ಯಾವ ಮಗ್ಗಲಾ ಅಂತ ನೀನ ತೋರಿಸಬೇಕು. ನಡಿ, ಬೋಟಿನ್ಯಾಗ ಕುಂದ್ರು." ಅಮಿತ ನನ್ನ ನೋಡಿದ. ನಾ ಬ್ಯಾರೆ ಕಡೆ ನೋಡಿದೆ.

ಅಗ್ನಿಶಾಮಕದವರ ಬೋಟ್. ಗಾಳಿ ಇವತ್ತೂ ಇತ್ತು. ಅವರ ಪೈಕಿ ಒಬ್ಬ ಸಣ್ಣ ವಯಸ್ಸಿನಾಂವ ಜಾಕೆಟ್ ಕಟಗೋತ ಫೋನಿನ್ಯಾಗ ಮಾತಾಡಾಕತ್ತಿದ್ದ. "ಊಟಕ್ಕ ಕಾಯಬ್ಯಾಡ, ನೀ ಉಣ್ಣು" ಅಂದ. ಅಂವಗೂ ಒಬ್ಬಾಕಿ ಅದಾಳ. ಇವರೆಲ್ಲಾರಿಗೂ ಒಬ್ಬೊಬ್ಬಾಕಿ ಅದಾರ, ಒಲಿ ಮುಂದ. ಹೊಳಿಗೆ ಮಜಾ ಮಾಡಾಕ ಹೋಗವರಿಗೆ ಈ ಒಲಿ ಕಾಣಂಗಿಲ್ಲ. ನನಗೂ ಕಂಡಿರ್ಲಿಲ್ಲ. ಎದುರಿಗೇ ನಿಂತಿದ್ದೆ, ಆದ್ರೂ ಕಂಡಿರ್ಲಿಲ್ಲ.

ಸಿಕ್ಕ. ಮಧ್ಯಾಹ್ನದಾಗ. ಅಮಿತ ತೋರಿಸಿದ ಮಗ್ಗಲದಾಗನ. ಬಿಳಿ ಅರಿವಿ ಕೈಗೆ ಸುತ್ತಿತ್ತಂತ.

ಹೆಚ್ಚ ಬರ್ಯಂಗಿಲ್ಲ.

ಆಗಸ್ಟ್ ೪, ಸೋಮವಾರ. ಹೊತ್ತ ಮುಣಗೂ ಮುಂದ

ನಿನ್ನಿ ಮಣ್ಣ ಕೊಟ್ರು. ಪೊಲೀಸರು ಬಂದು ಅಮಿತನ ಮಾತೆಲ್ಲಾ ಬರಕೊಂಡು ಹೋಗ್ಯಾರ. ಮತ್ತ ಕರೀತಾರಂತ. ಗುರುನಾಥನ್ನ ಸಿಂದಗ್ಯಾಗ ಅವರ ಕಾಕಾನ ಮನಿಯಿಂದ ಕರಕೊಂಡು ಬಂದಾರ. ಕಲ್ಮೇಶ ನನ್ನ ಕೂಡ ಮಾತ ಬಿಟ್ಟಾನ. ಬಿಡ್ಲಿ. ಮಣ್ಣಿಗೆ ಮಾತ್ರ ಬಂದಿದ್ದ, ಹಿಂದ ನಿಂತು ಹೋದ.

ಇವತ್ತ ಬುತ್ತಿ ಒಯ್ದ್ವಿ. ರೊಟ್ಟಿ, ಪುಂಡಿಪಲ್ಲೆ. ಜಯಮಾಲಾ ಬಡದ ರೊಟ್ಟಿ, ತೆಳ್ಳಗ ಬಡದಿದ್ಲು. ಗಂಟು ಅಮಿತ ಹೊತಗೊಂಡ. ಓಣ್ಯಾಗ ಮಂದಿ ಬಾಗಲಾ ಮುಚ್ಚಿದ್ರು, ಕೆಲವರು ನೋಡಿ ಉಗಳಿದ್ರು. ಹೊತಗೊಂಡು ನಡದ. ಚಂದವ್ವ ಒಳಗಿಂದ ಬರ್ಲಿಲ್ಲ. ಬರಬಾರದು. ರುಕ್ಮವ್ವ ಗಂಟ ತಗೊಂಡ್ಲು. ತಗೊಂಡ್ಲು, ಅದ ದೊಡ್ಡದು. ಕುಂದರಂತ ನನಗ ಅಂದ್ಲು. ಅಂವಗ ಅನ್ನಲಿಲ್ಲ, ಎದ್ದ ಹೋಗಂತೂ ಅನ್ನಲಿಲ್ಲ.

ಗಂಟ ಮೂಲ್ಯಾಗ ಇಟ್ಟು ಅಮಿತನ ಕಡೆ ಹೊಳ್ಳಿದ್ಲು.

"ಕಡೀಕ ನೋಡಿದಾಂವ ನೀನು" ಅಂದ್ಲು. "ಮುಣಗೂ ಮುಂದ ಏನರ ಅಂದನೇನು? ನನ್ನ ಕರದನೇನು?"

ಅಮಿತ ನೆಲಾ ನೋಡಿದ. "ಗಾಳಿ ಇತ್ತು ಆಯಿ. ಕೇಳಸ್ಲಿಲ್ಲ."

"ಹೂಂ" ಅಂದ್ಲು. ಹೊರಸಿನ ಹಗ್ಗ ಬೆರಳಿಲೆ ಎಣಸ್ಕೋತ ಕುಂತ್ಲು. ಆಮ್ಯಾಲ ಮತ್ತ ಅಂದ್ಲು, "ಅವ್ವಾ ಅಂದಿರಬೇಕು. ಸಣ್ಣಾಂವ ಇದ್ದಾಗ ನೀರಿಗೆ ಅಂಜಿದ್ರ ಹಂಗ ಅಂತಿದ್ದ."

ಮನಿಗೆ ಬರೂ ಮುಂದ ಗುಡಿ ಹತ್ತರ ಅಮಿತ ನಿಂತುಬಿಟ್ಟ. ಮುಂದ ಹೆಜ್ಜಿ ಇಡವಲ್ಲ. ಕಾಲ ನೋವು ಐತೇನೋ ಅಂದೆ. ಅಲ್ಲ ಅಂದ.

ಕೇಳಿಸಿತ್ತಂತ.

ಗಾಳಿ ನಿಂತ ನಿಂತ ಬೀಸ್ತಿತ್ತಂತ, ನಿಂತಾಗ ಎಲ್ಲಾ ಸ್ವಚ್ಛ ಕೇಳಸ್ತಿತ್ತಂತ. ಜಾಲೀ ಕಡೆ ಈಸೂ ಮುಂದ, ಆ ಬಿಳಿ ಅರಿವೀ ಕಡೆ ಮಾರಿ ಮಾಡಿ, ಸೋಮನಿಂಗ ಒದರಾಕತ್ತಿದ್ದನಂತ. "ಅಮಿತಪ್ಪಾ, ಅಂಜಬ್ಯಾಡ, ಬಂದೇನಿ. ಬಂದೇನಿ ತಡಿ." ಒಮ್ಮೆ ಅಲ್ಲ. ಕಡೀತನ.

ಆ ಮಾತ ಕೇಳಿ ಇಂವ ಕಬ್ಬಿನಾಗ ಇನ್ನೂ ಒಳಗ ಸರದ ಕುಂತನಂತ.

ಈಗ ಪಡಸಾಲ್ಯಾಗ ಕುಂತು ಇದನ್ನ ಬರ್ಯಾಕತ್ತೇನಿ. ಅಂವ ಬಾಗಲದಾಗ ನಿಂತಾನ, ಅಂಗಿ ಬದಲ ಮಾಡ್ಕೊಂಡು. ರುಕ್ಮವ್ವಗ ಹೇಳಿ ಬರೂನೇನು ಆಯಿ ಅಂತ ಕೇಳ್ಯಾನ. ಹೇಳಿದ್ರ ಆ ಮುದುಕಿಗೆ ಅವ್ವಾ ಅನ್ನೂ ಮಾತ ಹೋಗ್ತೈತಿ. ಅದೊಂದನ್ನ ಹಿಡಕೊಂಡು ಕುಂತಾಳ. ಹೇಳದಿದ್ರ ಸೋಮನಿಂಗನ ಕಡೀ ಮಾತು ಇಂವನ ಹೊಟ್ಟ್ಯಾಗ ಕೊಳೀತೈತಿ, ಅಷ್ಟ ಒಳ್ಳೇ ಮಾತು...

ಮತ್ತ ಕೇಳಾಕತ್ತಾನ. ಕತ್ತಲಾಗೂದ್ರೊಳಗ ಹೋಗಬೇಕಂತ. ಏನ್ ಹೇಳ್ಲಿ ನಾ ಇಂವಗ, ಹೋಗು ಅಂತ ಒಮ್ಮೆ ಒಬ್ಬಗ ಅಂದಾಕಿ, ಈಗ ಮತ್ತ ಹ್ಯಾಂಗ ಅನ್ನಲಿ...